ಮೂರನೇ ಪಾಲು

ಗೋಡೆ ಹಲ್ಲು ಬಿಟ್ಟಿತ್ತು.

ಗೀಚಮ್ಮ ಅದನ್ನು ನೋಡಿದಳು. ಕಟ್ಟುತ್ತಿದ್ದ ಮನೆಯಲ್ಲಿ ಹಿಂಬದಿಯ ಮೆಟ್ಟಿಲಿಗೆಂದು ನೆಲದಿಂದ ತಾರಸಿಯವರೆಗೂ ಬಿಟ್ಟಿದ್ದ ಬಾವಿಯಂಥ ಜಾಗದ ಅಂಚಿನಲ್ಲಿ ನಿಂತು, ಚಪ್ಪಲಿಗೆ ಮೆತ್ತಿದ್ದ ಸಿಮೆಂಟಿನ ರಾಡಿಯನ್ನು ಹಲಗೆಯೊಂದರ ತುದಿಗೆ ಒರೆಸಿದಳು. ಆಮೇಲೆ ಮತ್ತೆ ನೋಡಿದಳು. ಮನೆಗಳ ಮುಂದಿನ ಓಣಿಯಿಂದ ಮೆಟ್ಟಿಲಿಗೆ ಹೋಗುವ ಬಾಗಿಲ ಕಂಡಿಯ ಎರಡೂ ಪಕ್ಕದಲ್ಲಿ ಇಟ್ಟಿಗೆಗಳು ಒಂದು ಸಾಲು ಬಿಟ್ಟು ಒಂದು ಸಾಲು ಹೊರಗೆ ಚಾಚಿಕೊಂಡಿದ್ದವು. ಇವತ್ತು ಕಟ್ಟದೆ ಬಿಟ್ಟ ಗೋಡೆಯನ್ನು ಮುಂದೊಂದು ದಿನ ಕಟ್ಟುವುದಿದ್ದರೆ ಮೇಸ್ತ್ರಿಗಳು ಹೀಗೆ ಹಲ್ಲು ಬಿಟ್ಟು ನಿಲ್ಲಿಸುತ್ತಾರೆ. ಹೊಸ ಗೋಡೆ ಬಂದು ಹಳೆಯದನ್ನು ಕಚ್ಚಿಕೊಳ್ಳಲಿ ಅಂತ. ಬಾಗಿಲು ಕೂರಿಸುವ ಕಂಡಿಗೆ ಹಲ್ಲು ಬೇಕಿಲ್ಲ. ಮುಚ್ಚಿಹಾಕುವ ಕಂಡಿಗೆ ಬೇಕು.

ಅವಳು ಕತ್ತೆತ್ತಿ ಮೇಲಿನ ಮಹಡಿ ನೋಡಿದಳು, ಬಗ್ಗಿ ಕೆಳಗಿನದನ್ನು ನೋಡಿದಳು. ಎಲ್ಲ ಕಡೆ ಅದೇ ಹಲ್ಲು. ಸಾಲದ್ದಕ್ಕೆ ಬಾವಿಯ ಸುತ್ತಲಿನ ತೊಲೆಗಳಿಂದ ಕಂಬಿಗಳನ್ನು ಹೊರಗೆಳೆದು, ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆಗೆ ಒತ್ತಿ ಮಡಿಸಿಟ್ಟಿದ್ದರು. ಅವನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಸಾಕು, ಮೆಟ್ಟಿಲಿರಬೇಕಾದ ಕಡೆ ಮಹಡಿಗೊಂದು ನೆಲ ಹಾಕಬಹುದು.

"ಏನು ಮೇಸ್ತ್ರಿ, ಗೋಡೆ ಹಲ್ಲು ಬಿಡ್ತಾ ಇದೆ?"

ಮೇಸ್ತ್ರಿ ಕರಣೆ ಹಿಡಿದವನು ತಿರುಗಿ, ತಾನೂ ಹಲ್ಲು ಬಿಟ್ಟ. "ಅದಾ ಅಮ್ಮಾವ್ರೇ... ಸಾಲು ತಪ್ಪಿರ್ಬೇಕು."

"ಎಲ್ಲ ಮಹಡೀಲೂ ಒಂದೇ ಥರ ತಪ್ಪಿದ್ಯಾ? ನಿಮ್ಮ ಕೈ ಇಷ್ಟು ಅಚ್ಚುಕಟ್ಟಾಗಿ ತಪ್ಪತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

ಮೇಸ್ತ್ರಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಲ್ಲ. ಆದರೆ ಈ ಹೆಂಗಸಿಗೆ ಸುಳ್ಳು ಹೇಳಿದರೆ ಅಳತೆಪಟ್ಟಿ ತೆಗೆದು ಅದನ್ನೂ ಅಳೆಯುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. "ದೊಡ್ಡ ಯಜಮಾನ್ರು ಹೇಳಿದ್ರು," ಅಂದ. "ಈಗ ಕಬ್ಬಿಣದ ಮೆಟ್ಟಿಲು ಬಾಡಿಗೆಗೆ ತಂದು ನಿಲ್ಲಿಸೋದು. ಬೆಂಕಿ ಸಾಹೇಬ್ರು ಬಂದು ನೋಡ್ಕೊಂಡು ಹೋಗ್ತಾರೆ. ಆಮೇಲೆ ಕಬ್ಬಿಣ ಬಿಚ್ಚಿ ಮಹಡಿಗೊಂದು ಕೋಣೆ ಮಾಡೋದು. ನಾನೇನು ಮಾಡ್ಲಿ? ಅವರು ಬಾಯಿ, ನಾನು ಕೈ."

"ಸುತ್ತಿಗೆ ಕೊಡಿ."

ಅವನು ಕೊಡಲಿಲ್ಲ. ಅವಳೇ ಹೋಗಿ ಮರಳ ಗುಡ್ಡೆಯ ಪಕ್ಕ ಬಿದ್ದಿದ್ದದ್ದನ್ನು ಎತ್ತಿಕೊಂಡಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಹಲ್ಲಿಗೆ ಹೊಡೆದಳು. ಅದು ಅಲುಗಲಿಲ್ಲ, ಮೇಸ್ತ್ರಿಯ ಕೆಲಸ ಗಟ್ಟಿ. ಎರಡನೆಯ ಏಟಿಗೆ ಚೂರು ಹಾರಿ ಬಾವಿಯೊಳಗೆ ಬಿತ್ತು. ಕೆಳಗಿದ್ದ ಕೂಲಿಯವರು "ಯಾರೋ ಅದು?" ಎಂದು ಕೂಗಿದರು. ಅವಳು ಆ ಮಹಡಿಯ ಹಲ್ಲುಗಳನ್ನೆಲ್ಲ ಉದುರಿಸುವವರೆಗೂ ನಿಲ್ಲಿಸಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

"ಮುರಿದ್ರೆ ಮತ್ತೆ ಕಟ್ಟಿಸ್ತಾರೆ ಅಮ್ಮಾವ್ರೇ," ಅಂದ ಮೇಸ್ತ್ರಿ ಮೆಲ್ಲಗೆ. "ನನ್ನ ಕೈಲೇ ಕಟ್ಟಿಸ್ತಾರೆ."

ಅಪ್ಪನ ಹಳೆಯ ಮನೆ ಇದ್ದ ಜಾಗ ಅದು. ಅಪ್ಪ ಹೋದ ಮೇಲೆ ಮೂವರು ಮಕ್ಕಳು ಕೂಡಿ, ಮನೆ ಕೆಡವಿ, ಹತ್ತು ಸಂಸಾರ ಇರಬಹುದಾದ ಕಟ್ಟಡ ಎಬ್ಬಿಸಲು ಹೊರಟಿದ್ದರು. ದೊಡ್ಡಣ್ಣ ಗೊಬ್ಬರ, ಬಿತ್ತನೆಬೀಜದ ವ್ಯಾಪಾರಿ. ಸಣ್ಣಣ್ಣ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಕಿರಿಯವಳು ಇವಳು. ನಡೆಯಲು ಕಲಿತ ದಿನದಿಂದ ಇದ್ದಿಲು ಸಿಕ್ಕಿದರೆ ಗೋಡೆ, ಬಾಗಿಲು, ಮಲಗಿದ ಅಜ್ಜನ ಬೆನ್ನು, ಯಾವುದನ್ನೂ ಬಿಡದೆ ಗೀಚುತ್ತಿದ್ದಳೆಂದು ಗೀಚಮ್ಮ ಎಂಬ ಹೆಸರು ಬಿದ್ದು, ನಿಜವಾದ ಹೆಸರು ಶಾಲೆಯ ದಾಖಲೆಯಲ್ಲೇ ಉಳಿಯಿತು. ಆ ಗೀಚುವಿಕೆಯೇ ಈಗ ಅವಳ ಕಸುಬು. ಒಂದರ ತಲೆಯ ಮೇಲೊಂದು ಸಂಸಾರ ಕೂರುವ ಕಟ್ಟಡಗಳಿಗೆ ನಕ್ಷೆ ಬರೆಯುವ ಕಚೇರಿಯಲ್ಲಿ ಅವಳಿಗೆ ಒಂದು ಮೇಜು, ಒಂದು ಮೊಹರು, ಸಹಿ ಮಾಡುವ ಹಕ್ಕು ಇದ್ದವು. ಈ ಕಟ್ಟಡದ ನಕ್ಷೆಯೂ ಅವಳದೇ. ಇಷ್ಟು ಎತ್ತರಕ್ಕೆ ಹೋದ ಕಟ್ಟಡಕ್ಕೆ ಒಂದಕ್ಕೊಂದು ದೂರದಲ್ಲಿ ಎರಡು ಮೆಟ್ಟಿಲು ಇರಬೇಕೆಂಬುದು ನಿಯಮ. ಎರಡನ್ನೂ ಬರೆದಿದ್ದಳು. ಬಾಗಿಲುಗಳು ಓಡುವವರ ದಿಕ್ಕಿಗೇ ತೆರೆಯಬೇಕು, ಬಿಟ್ಟರೆ ತಾವಾಗಿ ಮುಚ್ಚಿಕೊಳ್ಳಬೇಕು ಎಂಬುದನ್ನೂ ಪಕ್ಕದಲ್ಲಿ ಬರೆದಿದ್ದಳು. ದೊಡ್ಡಣ್ಣ ನಕ್ಷೆ ನೋಡಿ, "ಚೆನ್ನಾಗಿ ಬರ್ದಿದ್ದೀಯ" ಅಂದಿದ್ದ. ಓದಿದ್ದನೋ ಇಲ್ಲವೋ.

ಸಂಜೆ ಅವಳು ಬಾಡಿಗೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದು ನಡುಮನೆಯಲ್ಲಿ ಕೂತಿತ್ತು. ದೊಡ್ಡಣ್ಣ ಗೋಡೆಗೊರಗಿ ಕಾಲು ಚಾಚಿದ್ದ. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಸಣ್ಣಣ್ಣ ಉತ್ತರಪತ್ರಿಕೆಗಳ ಹಿಂದೆ ಮುಖ ಇಟ್ಟುಕೊಂಡಿದ್ದ. ಅಮ್ಮ ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ನನ್ನ ಇಟ್ಟಿಗೆ ಒಡೆದ್ಯಂತೆ," ಅಂದ ದೊಡ್ಡಣ್ಣ.

"ನೀನು ನನ್ನ ಬಾಗಿಲು ಮುಚ್ಚೋಕೆ ಹೊರಟಿದ್ದೆಯಂತೆ."

"ಮುಂದ್ಗಡೆ ಒಂದು ಮೆಟ್ಟಿಲಿದೆಯಲ್ಲೇ, ಲಿಫ್ಟಿನ ಸುತ್ತ. ಆನೆ ಹತ್ತಬಹುದು, ಅಷ್ಟು ಅಗಲ ಇದೆ. ಒಂದು ಮುಖಕ್ಕೆ ಎರಡು ಮೂಗು ಯಾಕೆ?"

"ಮೂಗು ಒಂದೇ ಅಣ್ಣ. ಹೊಳ್ಳೆ ಎರಡಿವೆ."

ಸಣ್ಣಣ್ಣ ಉತ್ತರಪತ್ರಿಕೆಯ ಹಿಂದೆ ಕಿಸಕ್ಕೆಂದ. ದೊಡ್ಡಣ್ಣ ಅವನ ಕಡೆ ನೋಡಿದ, ನಗು ಕೆಮ್ಮಾಯಿತು.

"ನೋಡಣ್ಣ," ಅಂದಳು ಗೀಚಮ್ಮ, ನೆಲದ ಮೇಲೆ ಕೂತು. "ಕರೆಂಟಿನ ಮೀಟರುಗಳೆಲ್ಲ ಮುಂದಿನ ಮೆಟ್ಟಿಲ ಬುಡದಲ್ಲೇ ಇವೆ. ಗಾಡಿಗಳೂ ಅಲ್ಲೇ ನಿಲ್ತವೆ. ಅಲ್ಲೊಂದು ಕಿಡಿ ಹತ್ತಿದ್ರೆ ನಿನ್ನ ಆನೆ ಹತ್ತೋ ಮೆಟ್ಟಿಲು ಹೊಗೆಗೂಡಾಗತ್ತೆ. ಬೆಂಕಿ ನಿಧಾನವಾಗಾದ್ರೂ ಬರತ್ತೆ. ಹೊಗೆ ಹಾಗಲ್ಲ. ಮೇಲ್ಗಡೆ ಇರೋರು ಬಾಗಿಲು ತೆಗೆಯೋಷ್ಟರಲ್ಲಿ ಅದು ಆಗ್ಲೇ ಹೊಸ್ತಿಲಲ್ಲಿ ನಿಂತಿರತ್ತೆ. ಅವರು ಎಲ್ಲಿ ಹೋಗ್ಬೇಕು? ಕಿಟಕಿಯಿಂದ ಹಾರಬೇಕಾ?"

"ದೀಪ ಹಚ್ಚೋ ಹೊತ್ತಲ್ಲಿ ಏನು ಮಾತೇ ಇದು," ಅಂದಳು ಅತ್ತಿಗೆ. "ಬಿಡ್ತು ಅನ್ನು."

"ನಾವು ಯಾರಿಗೆ ಕೇಡು ಬಗೆದಿದ್ದೀವಿ ಅಂತ ನಮ್ಮನೆಗೆ ಬೆಂಕಿ ಬೀಳತ್ತೆ?" ಅಂದ ದೊಡ್ಡಣ್ಣ. ಅವನು ಹುಡುಗಾಟಕ್ಕೆ ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗನ್ನಿಸುತ್ತಿತ್ತು. ಬೆಳಗಾಗೆದ್ದು ದುಡಿದು, ಮೈಮುರಿದು, ತಮ್ಮನನ್ನೂ ತಂಗಿಯನ್ನೂ ದಡ ಸೇರಿಸಿದವನ ಮನೆಗೆ ಬೆಂಕಿ ಬೀಳುವುದು ನ್ಯಾಯವಲ್ಲವೆಂದು ಅವನು ನಂಬಿದ್ದ. "ಅದು ಸತ್ತ ಜಾಗ ಕಣೇ. ಬಾಡಿಗೆ ಬರಲ್ಲ, ಮಲಗೋಕಾಗಲ್ಲ, ಅಡುಗೆ ಮಾಡೋಕಾಗಲ್ಲ. ಮಹಡಿಗೊಂದು ಒಂಟಿ ಕೋಣೆ ಮಾಡಿದ್ರೆ ಒಬ್ಬೊಬ್ಬ ದುಡಿಯೋ ಹುಡುಗ ಬಂದು ಇರ್ತಾನೆ. ಯಾರಿಗೆ ನಷ್ಟ?"

"ಇಲಿ ಕೂಡ ಬಿಲಕ್ಕೆ ಎರಡು ಬಾಯಿ ಇಟ್ಕೊಳ್ಳತ್ತೆ."

"ನಾವೇನು ಇಲಿಗಳಾ?"

"ಇಲಿಗಳಾಗಿದ್ರೆ ಇಷ್ಟು ಮಾತು ಬೇಕಿರ್ಲಿಲ್ಲ."

ಅತ್ತಿಗೆ ಮಡಿಸಿದ ಬಟ್ಟೆಯನ್ನು ಕೊಡವಿ ಮತ್ತೆ ಮಡಿಸಿದಳು. "ಗಂಡ ಮಕ್ಕಳು ಇದ್ದಿದ್ರೆ ಜಾಗದ ಬೆಲೆ ಗೊತ್ತಾಗ್ತಿತ್ತು," ಅಂದಳು ಯಾರಿಗೂ ಅಲ್ಲವೆಂಬಂತೆ.

"ನಿಮ್ಮ ಗಂಡ ಮಕ್ಕಳಿಗೋಸ್ಕರನೇ ಅತ್ತಿಗೆ ನಾನು ಇಟ್ಟಿಗೆ ಒಡೆದಿದ್ದು," ಅಂದು ಗೀಚಮ್ಮ ಅಂಗೈ ತೋರಿಸಿದಳು. ಬೊಕ್ಕೆ ಒಡೆದು ಕೆಂಪಾಗಿತ್ತು. ಅತ್ತಿಗೆ ಬೇರೆ ಕಡೆ ನೋಡಿದಳು.

"ಕಟ್ಟಡ ಮುಗಿದ ಮೇಲೆ ನನ್ನ ಸಹಿ ಬೇಕಲ್ಲ," ಅಂದಳು ಅಣ್ಣನಿಗೆ. "ಹಾಕಲ್ಲ."

"ಬೇಡ ಬಿಡು. ಸಹಿ ಹಾಕೋರಿಗೇನು ಬರ ಬಂದಿದ್ಯಾ? ನಿಮ್ಮ ಆಫೀಸಿನ ಎದುರಿಗೇ ಒಬ್ಬ ಕೂತಿದ್ದಾನೆ. ಪುಣ್ಯಾತ್ಮ, ಏನು ಎತ್ತ ಅಂತ ಕೇಳೋದೂ ಇಲ್ಲ."

"ಹಾಗಾದ್ರೆ ಅಗ್ನಿಶಾಮಕದೋರಿಗೆ ನಾನೇ ಹೇಳ್ತೀನಿ."

ಬಟ್ಟೆ ಮಡಿಸುವ ಸದ್ದು ನಿಂತಿತು. ದೊಡ್ಡಣ್ಣ ಚಾಚಿದ ಕಾಲು ಹಿಂದಕ್ಕೆಳೆದುಕೊಂಡ. "ಹೇಳು," ಅಂದ. ದನಿ ಏರಲಿಲ್ಲ. "ಒಡಹುಟ್ಟಿದೋನ ಮೇಲೆ ದೂರು ಕೊಟ್ಟು ಬಾ. ಬರ್ತಾ ದಾರೀಲಿ ಅಮ್ಮನಿಗೆ ಎರಡು ಬಾಳೆಹಣ್ಣು ತಗೊಂಡು ಬಾ. ನಿನ್ನ ಓದಿಸಿದ್ದು ಇದಕ್ಕೇನೇ?"

"ಇದಕ್ಕೇ ಅಣ್ಣ. ಅವರು ಬೇರೆ ಏನೂ ಹೇಳಿಕೊಡ್ಲಿಲ್ಲ."

ಅಮ್ಮ ಎಣ್ಣೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ಸಾಕು. ಮೊದ್ಲು ಯಾರದು ಯಾವುದು ಅಂತ ಪಾಲಾಗ್ಲಿ. ಆಮೇಲೆ ಅವರವರ ಗೋಡೆ ಅವರವರು ಕಚ್ಚಿಕೊಂಡು ಸಾಯಿರಿ. ಏಳಿ, ಅನ್ನ ಆರತ್ತೆ."

ಮುಂದಿನ ದಿನಗಳಲ್ಲಿ ಗೀಚಮ್ಮ ಕಚೇರಿಯಲ್ಲಿ ಬೇರೆಯವರ ಮೆಟ್ಟಿಲುಗಳನ್ನು ಬರೆಯುತ್ತ ತನ್ನದನ್ನು ಯೋಚಿಸಿದಳು. ದೂರು ಕೊಡಬಹುದಿತ್ತು. ಒಂದು ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಗೇಟಿನವರೆಗೂ ಹೋಗಿದ್ದಳು. ಒಳಗೆ ಇಬ್ಬರು ಕೆಂಪು ಗಾಡಿಯ ಚಕ್ರ ತೊಳೆಯುತ್ತಿದ್ದರು, ಒಬ್ಬ ಅವಳನ್ನು ಕಂಡು "ಏನಮ್ಮ?" ಅಂದ. "ಏನಿಲ್ಲ, ದಾರಿ ತಪ್ಪಿ ಬಂದೆ" ಎಂದು ತಿರುಗಿದಳು. ಹೆದರಿಕೆಗಲ್ಲ. ಅಧಿಕಾರಿ ಬರುತ್ತಾರೆ, ಮೆಟ್ಟಿಲೆಲ್ಲಿ ಅನ್ನುತ್ತಾರೆ, ಅಣ್ಣ ಕಬ್ಬಿಣದ್ದೋ ಕಾಂಕ್ರೀಟಿನದ್ದೋ ಒಂದನ್ನು ತೋರಿಸುತ್ತಾನೆ. ಅವರು ಹೋಗುತ್ತಾರೆ. ನಿಯಮ ಎಂಬುದು ಬಂದು ಹೋಗುವ ನೆಂಟ. ಅಣ್ಣ ಮನೆಯಲ್ಲೇ ಇರುವವನು. ಎಷ್ಟು ಕಟ್ಟಡಗಳಲ್ಲಿ ಅವಳೇ ನೋಡಿರಲಿಲ್ಲ? ನಕ್ಷೆಯಲ್ಲಿ ಮೆಟ್ಟಿಲಿದ್ದ ಕಡೆ ವರ್ಷದೊಳಗೆ ಬೀಗ, ಬೀಗದ ಹಿಂದೆ ಹಳೆಯ ಹಾಸಿಗೆ, ಸೈಕಲ್ಲು, ಒಡೆದ ತೊಟ್ಟಿಲು. ಕೇಳಿದರೆ ಎಲ್ಲರದೂ ಒಂದೇ ಮಾತು: ಅದು ಯಾರದೂ ಅಲ್ಲ ಮೇಡಂ.

ಭಾನುವಾರ ಬೆಳಿಗ್ಗೆ ಪಾಲು. ಅಮ್ಮನ ಹಟಕ್ಕೆ ಎಲ್ಲರೂ ಕಟ್ಟುತ್ತಿರುವ ಮನೆಯಲ್ಲೇ ಸೇರಿದರು, ಮೊದಲ ಮಹಡಿಯ ಬರೀ ನೆಲದ ಮೇಲೆ. ಅಮ್ಮನನ್ನು ಇಬ್ಬರು ಮಕ್ಕಳು ತೋಳು ಕೊಟ್ಟು ಹತ್ತಿಸಿ, ಇಟ್ಟಿಗೆ ಪೇರಿಸಿ ಹಲಗೆ ಹಾಕಿ ಕೂರಿಸಿದರು. ಅವಳು ರಸ್ತೆಯ ಕಡೆಯ ಕಿಟಕಿ ಕಂಡಿಯತ್ತ ಮುಖ ಮಾಡಿ ಕೂತಳು. ಎದುರಿನ ಸೈಕಲ್ ಅಂಗಡಿ, ಹಾಲಿನ ಗಾಡಿ, ಜಗಳವಾಡುತ್ತ ಹೋಗುತ್ತಿದ್ದ ಇಬ್ಬರು ಹೆಂಗಸರು, ಎಲ್ಲ ಕಾಣುತ್ತಿತ್ತು. ಕಿರಿಯವಳ ಜೊತೆ ಇರುವುದೆಂದೂ, ಅವಳಿಗೆ ರಸ್ತೆಯ ಕಡೆಯ ಮನೆ ಬರುತ್ತದೆಂದೂ ಅಮ್ಮ ಮನಸ್ಸಿನಲ್ಲೇ ಹಾಸಿಗೆ ಹಾಸಿಟ್ಟಿದ್ದಳು.

ಪಾಲಿಗೆ ಆ ಮನೆಯಲ್ಲಿ ಅಪ್ಪನ ಕಾಲದಿಂದ ಒಂದೇ ಕ್ರಮ. ಹಣ್ಣಾಗಲಿ, ಕಬ್ಬಾಗಲಿ, ಹೊಸ ಬಟ್ಟೆಯಾಗಲಿ, ಹಿರಿಯವನು ಪಾಲು ಮಾಡಬೇಕು, ಕಿರಿಯವಳು ಮೊದಲು ಆರಿಸಬೇಕು, ಮಾಡಿದವನಿಗೆ ಕೊನೆಗೆ ಉಳಿದದ್ದು. ಮೋಸ ಆಗಬಾರದೆಂದು ಅಪ್ಪ ಹೂಡಿದ ಉಪಾಯ. ಆದರೆ ದೊಡ್ಡಣ್ಣ ಚಿಕ್ಕಂದಿನಲ್ಲೇ ಅದರ ಮರ್ಮ ಹಿಡಿದಿದ್ದ. ಹಲಸಿನ ಹಣ್ಣು ಕುಯ್ದರೆ ಕಣ್ಣಿಗೆ ದೊಡ್ಡದಾಗಿ ಕಾಣುವ ತುಂಡಿನಲ್ಲಿ ತೊಳೆ ಕಡಿಮೆ ಇರುವ ಹಾಗೆ ಕುಯ್ಯುತ್ತಿದ್ದ. ತಂಗಿ ದೊಡ್ಡದಕ್ಕೆ ಕೈ ಹಾಕುತ್ತಿದ್ದಳು. ಅವನು "ಪಾಪ, ನನಗೆ ಉಳಿದದ್ದೇ ಇಷ್ಟು" ಎಂದು ತೊಳೆ ತುಂಬಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದ.

ಈಗಲೂ ಅವನು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಮೂರು ಮನೆ ಗೀಚಿ, ತಂಗಿಯ ಕಡೆ ನೋಡಿ, "ಇವತ್ತು ನಾನು ಗೀಚಪ್ಪ" ಅಂದ. ಅಮ್ಮ ನಕ್ಕಳು. ಮೂರು ದಿನದ ಬಿಗುವು ಸ್ವಲ್ಪ ಸಡಿಲಾಯಿತು.

"ರಸ್ತೆ ಕಡೆಯ ಮನೆಗಳೆಲ್ಲ ಒಂದು ಪಾಲು," ಅಂದ. "ಗಾಳಿ, ಬೆಳಕು, ಜನರ ಓಡಾಟ. ಹಿತ್ತಿಲ ಕಡೆಯ ಮನೆಗಳು ಇನ್ನೊಂದು. ತಂಪು, ಗದ್ದಲ ಇಲ್ಲ. ಮೂರನೇದು ಸ್ವಲ್ಪ ಚೂರುಪಾರು. ತಾರಸಿ ಮಗ್ಗುಲಿನ ಪುಟ್ಟ ಮನೆ, ಅದರ ಜೊತೆಗೆ ಹಿಂದುಗಡೆ ಮಹಡಿಗೊಂದರ ಹಾಗೆ ಒಂಟಿ ಕೋಣೆಗಳು. ಆರಿಸೇ."

ಸಣ್ಣಣ್ಣ ತಲೆ ತಗ್ಗಿಸಿ ಕಾಲಬೆರಳಿಂದ ಮರಳು ಕೆದಕುತ್ತಿದ್ದ. ಲೆಕ್ಕದ ಮೇಷ್ಟ್ರಿಗೆ ಅಣ್ಣನ ಲೆಕ್ಕ ಗೊತ್ತಾಗದೆ ಇರಲಿಲ್ಲ. ಮೂರನೆಯದು ನೋಡಲು ಚೂರುಪಾರು. ಬಾಡಿಗೆಗೆ ಬಿಟ್ಟರೆ ಅದರ ತೊಳೆಗಳೇ ಹೆಚ್ಚು. ತಂಗಿ ಅಮ್ಮನಿಗೋಸ್ಕರ ರಸ್ತೆಯ ಕಡೆ ಹಿಡಿಯುತ್ತಾಳೆ, ತಮ್ಮನಿಗೆ ತಂಪು ಬೇಕು, ಉಳಿದದ್ದು ಪಾಪದ ಹಿರಿಯನಿಗೆ.

ಗೀಚಮ್ಮ ನೆಲದ ಗೆರೆಗಳನ್ನೇ ನೋಡುತ್ತಿದ್ದಳು. ಅಣ್ಣ ಮೆಟ್ಟಿಲು ಎಂಬ ಮಾತನ್ನು ಆಡಿರಲಿಲ್ಲ. ಅವನ ಮನಸ್ಸಿನಲ್ಲಿ ಆ ಮೆಟ್ಟಿಲು ಇರಲೇ ಇಲ್ಲ. ಅಷ್ಟು ದೃಢವಾಗಿ ಇಲ್ಲವಾಗಿದ್ದರಿಂದಲೇ ಅದನ್ನು ಕೋಣೆ ಮಾಡಿ ಎಣಿಸಿ, ಪಾಲಿನೊಳಗೆ ಹಾಕಿಬಿಟ್ಟಿದ್ದ. ಒಮ್ಮೆ ಅಮ್ಮನ ಕಡೆ ನೋಡಿದಳು. ಅಮ್ಮ ಕಿಟಕಿ ಕಂಡಿಯಿಂದ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕುವುದನ್ನು ಮಗುವಿನ ಹಾಗೆ ನೋಡುತ್ತಿದ್ದಳು.

"ಆ ಒಂಟಿ ಕೋಣೆಗಳು ಎಲ್ಲಿಂದ ಎಲ್ಲೀ ತನಕ ಅಣ್ಣ?"

"ಹಿಂದಿನ ಬಾವಿ ಜಾಗ ಪೂರ್ತಿ. ನೆಲದಿಂದ ತಾರಸಿ ತನಕ."

"ಗೋಡೆ, ಕಂಡಿ, ಅದಕ್ಕೆ ಹೋಗೋ ಬರೋ ಬಾಗಿಲು?"

"ಎಲ್ಲ ಸೇರಿ. ಪಾಲು ಅಂದ್ಮೇಲೆ ಪಾಲು. ನಾನೇನು ಬಾಗಿಲು ಕಿತ್ಕೊಂಡು ಹೋಗ್ತೀನಾ?"

"ಹಾಗಾದ್ರೆ ನಂಗೆ ಮೂರನೇದು."

ದೊಡ್ಡಣ್ಣನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಇಟ್ಟಿಗೆ ಚೂರನ್ನು ರಸ್ತೆಯ ಕಡೆಯ ಮನೆಯ ಮೇಲೆ ಇಟ್ಟೇಬಿಟ್ಟಿದ್ದ. ಅವಳು ಅದನ್ನು ಎತ್ತಿ ಮೂರನೆಯದರ ನಡುವೆ ಇಟ್ಟಳು.

"ತಮಾಷೆ ಸಾಕು."

"ನೀನು ಕುಯ್ದೆ. ನಾನು ಆರಿಸಿದೆ. ಅದರಲ್ಲಿ ತಮಾಷೆ ಎಲ್ಲಿದೆ?"

"ಕೋಣೆ ಕಟ್ಟಿಸಿ ಬಾಡಿಗೆಗೆ ಬಿಡೋದೆಲ್ಲ ನಿನ್ನ ಕೈಲಾಗಲ್ಲ ಕಣೇ."

"ಕೋಣೆ ಯಾರು ಕಟ್ಟಿಸ್ತಾರೆ? ಮೆಟ್ಟಿಲು ಕಟ್ಟಿಸ್ತೀನಿ."

ಆಗ ಅರ್ಥವಾಯಿತು. ಅವನ ಮುಖಕ್ಕೆ ರಕ್ತ ಏರಿತು. "ನಾನು ಕೋಣೆ ಅಂತ ಕೊಟ್ಟಿದ್ದು! ಮೆಟ್ಟಿಲು ಅಂತ ಕೊಟ್ಟಿಲ್ಲ!"

"ಹೊಲ ಪಾಲು ಕೊಟ್ಟೋನು, ಅದರಲ್ಲಿ ರಾಗಿನೇ ಬೆಳಿ ಅಂತ ಹೇಳ್ತಾನಾ ಅಣ್ಣ? ಕೊಟ್ಟಾಯ್ತು. ನೆಲದಿಂದ ತಾರಸಿ ತನಕ, ಗೋಡೆ ಕಂಡಿ ಬಾಗಿಲು ಸಮೇತ. ಇನ್ನು ಅಲ್ಲಿ ಒಂದು ಇಟ್ಟಿಗೆ ಇಡಬೇಕಾದ್ರೂ ನನ್ನ ಕೇಳ್ಬೇಕು. ನಾನು ಹೂಂ ಅನ್ನಲ್ಲ."

"ಮೆಟ್ಟಿಲ ಮೇಲೆ ಸಂಸಾರ ಮಾಡ್ತೀಯಾ?" ಅತ್ತಿಗೆಯ ದನಿ ಕೀರಲಾಗಿತ್ತು.

"ಮೇಲೆ ಪುಟ್ಟ ಮನೆ ಇದೆಯಲ್ಲ ಅತ್ತಿಗೆ. ಒಬ್ಬಳಿಗೆ ಧಾರಾಳ ಆಯ್ತು. ನೀವೇ ಹೇಳ್ತಿರ್ತೀರಲ್ಲ."

"ಹುಚ್ಚಿ," ಅಂದ ದೊಡ್ಡಣ್ಣ. "ನಿನ್ನ ಪಾಲನ್ನ ನೀನೇ ತುಳಿಸ್ಕೊಳ್ತೀಯಾ? ಕಂಡೋರೆಲ್ಲ ತುಳಿದು ಹೋಗ್ತಾರೆ."

"ತುಳೀಲಿ. ಅದಕ್ಕೇ ಅಲ್ವಾ ಅದು ಇರೋದು."

ಅವನು ಅಮ್ಮನ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

ಅಮ್ಮ ಕಿಟಕಿಯಿಂದ ಮುಖ ತಿರುಗಿಸಿದ್ದಳು. ಮಗಳನ್ನು ನೋಡಿದಳು. ಮೆಟ್ಟಿಲು, ಹೊಗೆ, ನಿಯಮ ಯಾವುದೂ ಅವಳ ಮುಖದಲ್ಲಿ ಇರಲಿಲ್ಲ. ಹಾಸಿಟ್ಟ ಹಾಸಿಗೆಯನ್ನು ಮಡಿಸಬೇಕಾಗಿ ಬಂದವಳ ಹಾಗೆ ತೋರಿದಳು. "ರಸ್ತೆ ಕಡೆ ಕಿಟಕಿ ಅಂತ ಆಸೆ ಇಟ್ಕೊಂಡಿದ್ದೆ," ಅಂದಳು.

ಗೀಚಮ್ಮ ಅಮ್ಮನ ಸೆರಗಿಗೆ ಮೆತ್ತಿದ್ದ ಇಟ್ಟಿಗೆ ಧೂಳನ್ನು ಕೊಡವಿದಳು.

"ಆರಿಸಿ ಆಯ್ತಲ್ಲ," ಅಂದಳು ಅಮ್ಮ ಕೊನೆಗೆ, ದೊಡ್ಡ ಮಗನಿಗೆ. "ಕುಯ್ದ ಮೇಲೆ ಹಣ್ಣು ಕೂಡ್ಸೋಕಾಗತ್ತೇನೋ? ನಡುವಿನೋನು ಆರಿಸ್ಲಿ."

ಸಣ್ಣಣ್ಣ, ಎಲ್ಲಿ ಮಾತು ಮುರಿಯುತ್ತದೋ ಎಂಬಂತೆ, ಸರ್ರನೆ ರಸ್ತೆಯ ಕಡೆಯದನ್ನು ಮುಟ್ಟಿದ. ದೊಡ್ಡಣ್ಣನಿಗೆ ತಂಪು ಉಳಿಯಿತು.

ಮೆಟ್ಟಿಲು ಕಟ್ಟಿದವನು ಅದೇ ಮೇಸ್ತ್ರಿ. ಮಡಿಸಿಟ್ಟ ಕಂಬಿಗಳನ್ನು ಕತ್ತರಿಸಿ ಹಾಕುವಾಗ, "ಇವತ್ತು ಬಾಯಿ ಬದಲಾಯ್ತು, ಕೈ ಅದೇ" ಅಂದು ನಕ್ಕ. ಗೀಚಮ್ಮ ರಜೆ ಹಾಕಿ ಕಾಂಕ್ರೀಟು ಹಾಕುವ ದಿನವೆಲ್ಲ ಪಕ್ಕದಲ್ಲಿ ನಿಂತಳು. ಗಾರೆ ಹತ್ತಿದ ಮೇಲೆ ಅಗಲ ಎಷ್ಟು ಉಳಿಯಿತು, ಕೈಹಿಡಿಯ ಕಂಬಿ ಕೂರಿಸಿದ ಮೇಲೆ ಎಷ್ಟು ಉಳಿಯಿತು ಎಂದು ಅಳೆದಳು. ಒಂದು ಕಡೆ ಗಾರೆ ದಪ್ಪವಾಯಿತೆಂದು ಹೆರೆಸಿದಳು. "ಬೆಂಕಿಗೆ ಬೆರಳಗಲ ಲೆಕ್ಕ ಬರತ್ತಾ ಅಮ್ಮಾವ್ರೇ?" ಅಂದ ಮೇಸ್ತ್ರಿ. "ಅದಕ್ಕೆ ಬರಲ್ಲ, ಓಡಿ ಇಳಿಯೋರ ಭುಜಕ್ಕೆ ಬರತ್ತೆ" ಅಂದಳು. ಬೆಂಕಿ ಸಾಹೇಬರು ಬಂದರು, ಹತ್ತಿದರು, ಇಳಿದರು, ದಪ್ಪ ಬಾಗಿಲುಗಳನ್ನು ದೂಡಿ ದೂಡಿ ನೋಡಿದರು. ತೋರಿಸುವುದಕ್ಕೆಂದು ಇಟ್ಟದ್ದೇನೂ ಇರಲಿಲ್ಲವಾದ್ದರಿಂದ ಬೇಗ ಹೋದರು.

ಎಲ್ಲರೂ ವಾಸಕ್ಕೆ ಬಂದರು. ಅಮ್ಮ ಯಾವ ಮನೆಗೆ ಹೋಗುತ್ತಾಳೋ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಾಮಾನು ಸಾಗಿಸುವ ದಿನ ತನ್ನ ಗಂಟನ್ನು ಲಿಫ್ಟಿನಲ್ಲಿ ಇಡಿಸಿಕೊಂಡು ತಾರಸಿ ಮಗ್ಗುಲಿನ ಪುಟ್ಟ ಮನೆಗೆ ಬಂದು, "ರಸ್ತೆ ಇಲ್ಲದಿದ್ರೆ ಆಕಾಶ. ಬರೋರು ಹೋಗೋರು ಕಡಿಮೆ, ಅಷ್ಟೇ" ಅಂದಳು. ಗೀಚಮ್ಮ ಗಂಟನ್ನು ಎತ್ತಿ ಕಿಟಕಿಯ ಪಕ್ಕ ಇಟ್ಟಳು.

ದೊಡ್ಡಣ್ಣ ಅವಳೊಡನೆ ಮಾತು ಬಿಟ್ಟಿದ್ದ. ಹೇಳುವುದಿದ್ದರೆ ಅಮ್ಮನಿಗೆ ಹೇಳುತ್ತಿದ್ದ, ಅವಳು ಅಲ್ಲೇ ಇದ್ದರೂ. "ಅವಳ ಮೆಟ್ಟಿಲಿನ ಬಾಗಿಲು ಧಡ್ ಅಂತ ಮುಚ್ಕೊಳ್ಳತ್ತೆ ಅಂತ ಹೇಳಮ್ಮ." ಕಟ್ಟಡದ ಜನಕ್ಕೂ ಆ ಹೆಸರೇ ಬಂತು. ಮುಂದಿನದು ಮೆಟ್ಟಿಲು, ಹಿಂದಿನದು ಅವಳ ಮೆಟ್ಟಿಲು.

ಜಾಗ ಖಾಲಿ ಇದ್ದರೆ ಕಣ್ಣು ಕುಕ್ಕುತ್ತದೆ. ಮೊದಲು ಚಪ್ಪಲಿ ಗೂಡು ಬಂತು, ಆಮೇಲೆ ಮಕ್ಕಳ ಸೈಕಲ್ಲು, ಹೂವಿನ ಕುಂಡ, ಯಾರದೋ ಈರುಳ್ಳಿ ಚೀಲ. ಗೀಚಮ್ಮ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಪೊರಕೆ ಹಿಡಿದು ಮೇಲಿಂದ ಕೆಳಗಿಳಿಯುತ್ತ ಒಂದೊಂದನ್ನೂ ಎತ್ತಿ ಅದರದರ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದಳು. ಬೈದರು. ಗಾಳಿಗೆಂದು ಬಾಗಿಲಿಗೆ ಕಲ್ಲು ಅಡ್ಡ ಇಟ್ಟರು. ಕಲ್ಲು ಹಿತ್ತಿಲಿಗೆ ಹೋಯಿತು. ಮತ್ತೆ ಇಟ್ಟರು, ಮತ್ತೆ ಹೋಯಿತು. ಹಿತ್ತಿಲಲ್ಲಿ ಕಲ್ಲಿನ ಗುಡ್ಡೆಯೇ ಬೆಳೆಯಿತು. ಒಂದು ದಿನ ಅಮ್ಮನೇ ಬಿಸಿಲು ಬೀಳುವ ತಿರುವಿನಲ್ಲಿ ಚಾಪೆ ಹಾಸಿ ಮೆಣಸಿನಕಾಯಿ ಹರವಿದಳು.

"ಅಮ್ಮ, ತೆಗಿ."

"ಮೆಣಸಿನಕಾಯಿ ಕಣೇ."

"ತಾರಸಿ ಮೇಲೆ ಒಣಗಿಸು."

"ಅಲ್ಲಿ ಕಾಗೆ ಬರತ್ತೆ."

"ಕಾಗೆ ಓಡ್ಸೋಕೆ ನಾನು ಬರ್ತೀನಿ. ಇಲ್ಲಿಂದ ತೆಗಿ."

"ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೇ ಒಣಗಿಸ್ತಿದ್ರು," ಎಂದು ಅಮ್ಮ ಚಾಪೆ ಸುತ್ತಿಕೊಂಡು ಹೋದಳು. ಆ ಸುದ್ದಿ ಮಹಡಿಯಿಂದ ಮಹಡಿಗೆ ಇಳಿಯಿತು. ಹೆತ್ತ ತಾಯಿಗೇ ಹೀಗಂದವಳು ನಮ್ಮನ್ನು ಬಿಟ್ಟಾಳೇ ಎಂದು ಜನ ಸ್ವಲ್ಪ ತಣ್ಣಗಾದರು. ದೊಡ್ಡಣ್ಣನೊಬ್ಬ ತಣ್ಣಗಾಗಲಿಲ್ಲ.

ಅತ್ತಿಗೆಗೆ ಹೊಸ ಅಲಮಾರು ಬಂದಿತ್ತು. ಹಳೆಯದು ಮರದ್ದು, ಬಾಗಿಲಿಗೆ ಆಳುದ್ದ ಕನ್ನಡಿ ಇದ್ದದ್ದು. ಕೊಳ್ಳುವವನು ಬಂದು ಒಯ್ಯುವ ತನಕ ಅದನ್ನು ಎಲ್ಲಿಡಬೇಕು? ರಜೆಯ ಬೆಳಿಗ್ಗೆ ಗೀಚಮ್ಮ ಪೊರಕೆ ಹಿಡಿದು ಇಳಿಯುತ್ತಿದ್ದಾಗ ಕೆಳಗಿನ ಮಹಡಿಯಿಂದ ಉಸ್ಸು ಉಸ್ಸು ಎಂಬ ಸದ್ದು ಕೇಳಿತು. ಅಣ್ಣತಮ್ಮಂದಿರು ಅಲಮಾರನ್ನು ಹೊತ್ತು ಹತ್ತಿ ಬರುತ್ತಿದ್ದರು. ಮುಂದೆ ದೊಡ್ಡಣ್ಣ, ಬೆನ್ನು ಈ ಕಡೆ ಮಾಡಿಕೊಂಡು. ಕೆಳಗಿನ ತುದಿಯಲ್ಲಿ ಸಣ್ಣಣ್ಣ. ಅವರ ಹಿಂದೆ ಅತ್ತಿಗೆ, "ಕನ್ನಡಿ, ಕನ್ನಡಿ" ಅನ್ನುತ್ತ.

ಅವರು ಎಲ್ಲಿಗೆ ಬರುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಎರಡು ಮಹಡಿಯ ನಡುವಿನ ತಿರುವು, ಅಗಲವಾದ, ಚೊಕ್ಕವಾದ ಜಾಗ. ಅವಳು ಅಲ್ಲಿಗೆ ಇಳಿದು, ಪೊರಕೆಯನ್ನು ಗೋಡೆಗೆ ಒರಗಿಸಿ, ಆ ಜಾಗದ ನಟ್ಟನಡುವೆ ನೆಲದ ಮೇಲೆ ಕೂತಳು.

ದೊಡ್ಡಣ್ಣನ ಹಿಮ್ಮಡಿ ಅವಳ ಮೊಣಕಾಲಿಗೆ ತಾಗಿತು. ತಿರುಗಿ ನೋಡಿದ.

"ಏಳು." ತಿಂಗಳುಗಳ ಮೇಲೆ ಅವನು ಅವಳಿಗೇ ಆಡಿದ ಮಾತು ಅದು.

ಅವಳು ಏಳಲಿಲ್ಲ.

"ಎರಡೇ ದಿನ. ಕೊಳ್ಳೋನು ಬರ್ತಾನೆ."

"ನಿನ್ನ ಮನೇಲಿಟ್ಕೋ."

"ಜಾಗ ಎಲ್ಲಿದೆಯೇ ಅಲ್ಲಿ? ಇಲ್ಲಿ ಇಷ್ಟು ಬಿದ್ದಿದೆ!"

"ಬಿದ್ದಿಲ್ಲ ಅಣ್ಣ. ಇಟ್ಟಿದೆ."

"ಏಳೇ ತಾಯಿ, ಭಾರ ಇದೆ," ಕೆಳಗಿನಿಂದ ಸಣ್ಣಣ್ಣ ಅಂದ. ಅವನ ಮುಖ ಕಾಣುತ್ತಿರಲಿಲ್ಲ. ಹಲಗೆ ಹಿಡಿದ ಬೆರಳುಗಳು ಬಿಳಿಚಿದ್ದವು. ಅತ್ತಿಗೆ ಇನ್ನೂ ಕೆಳಗಿನಿಂದ ಏನೋ ಕೂಗುತ್ತಿದ್ದಳು. ಮೇಲಿನ ಮಹಡಿಯ ದಪ್ಪ ಬಾಗಿಲು ದೂಡಿ ಇಬ್ಬರು ಹೆಂಗಸರು ಇಣುಕಿದರು.

ದೊಡ್ಡಣ್ಣನ ಕುತ್ತಿಗೆಯ ನರ ಉಬ್ಬಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಅವಳನ್ನು ತುಳಿಯಬೇಕಿತ್ತು. ಅವಳು ಮೊಣಕಾಲು ಮಡಿಸಲೂ ಇಲ್ಲ, ಕಣ್ಣು ತಗ್ಗಿಸಲೂ ಇಲ್ಲ. ಅವನ ತೋಳುಗಳು ಸಣ್ಣಗೆ ನಡುಗತೊಡಗಿದ್ದು ಅವಳಿಗೆ ಕಾಣುತ್ತಿತ್ತು. ಬೀಜದ ಮೂಟೆ ಹೊತ್ತು ಹೊತ್ತು ಗಟ್ಟಿಯಾದ ತೋಳುಗಳು.

"ಅಣ್ಣ, ಕೈ ಬಿಡತ್ತೆ ನಂಗೆ," ಅಂದ ಸಣ್ಣಣ್ಣ.

"ಬಿಡಬೇಡ," ಅಂದ ದೊಡ್ಡಣ್ಣ. ಇನ್ನೊಂದು ಉಸಿರು ಎಳೆದುಕೊಂಡ. "ಇಳಿ. ಹಿಂದಕ್ಕೆ ಇಳಿ."

ಅಲಮಾರು ಒಮ್ಮೆ ವಾಲಿ, ಸಾವರಿಸಿಕೊಂಡು, ಕೆಳಮುಖವಾಯಿತು. ಕನ್ನಡಿ ಅವಳ ಕಡೆಗಿತ್ತು. ಅದರಲ್ಲಿ ನೆಲದ ಮೇಲೆ ಕೂತ ಒಬ್ಬ ಹೆಂಗಸು, ಅವಳ ಬೆನ್ನ ಹಿಂದಿನ ಕಿಟಕಿಯ ಬೆಳಕು, ಎಲ್ಲ ಸೇರಿ ಒಂದೊಂದೇ ಮೆಟ್ಟಿಲು ದೂರವಾದವು. ಕೆಳಗಿನ ತಿರುವಿನಲ್ಲಿ ಅದು ಹೊರಳಿತು. ಹೆಂಗಸು ಹೋಗಿ, ಕನ್ನಡಿಯ ತುಂಬ ಮೇಲಕ್ಕೆ ಹೋಗುವ ಖಾಲಿ ಮೆಟ್ಟಿಲುಗಳು ಬಂದವು.

"ಎಡಕ್ಕೆ ತಿರುಗಿಸು," ಅನ್ನುತ್ತಿತ್ತು ದೊಡ್ಡಣ್ಣನ ದನಿ, ಏದುಸಿರಿನ ನಡುವೆ. "ಇನ್ನೂ ಎಡಕ್ಕೆ. ಗೋಡೆಗೆ ತಾಗಲ್ಲ ಇಳಿಯೋ. ಜಾಗ ಇದೆ. ಜಾಗ ಇದೆ, ಇಳಿ."